ಪೆಟ್ಟಿನ ತಾಲೀಮು

ನನಗೆ ಸಿಟ್ಟು ಮೂಗಿನ ತುದಿಯಲ್ಲೇ ಇರುತ್ತದೆ ಎಂದು ನಮ್ಮವ್ವ ಗೋಕಾಕದ ತುಂಬ ಹೇಳಿಕೊಂಡು ಬಂದಿದ್ದಾಳೆ. ಹೇಳಲಿ. ಆದರೆ ಶಾಲೆಯಲ್ಲಿ ಒಂದು ಮಗುವಿನ ಮೇಲೂ ನಾನು ಕೈ ಎತ್ತಲಿಲ್ಲ. ಮಕ್ಕಳ ಅಪ್ಪಂದಿರ ಮೇಲೆ ಎತ್ತಬೇಕೆಂದು ಕೈ ತುರಿಸಿದ್ದುಂಟು, ಅದು ಬೇರೆ ಮಾತು.

ಇದು ತೊಂಬತ್ತೊಂಬತ್ತರಲ್ಲಿ ನಡೆದದ್ದು. ಗೋಕಾಕದಿಂದ ಮೇಲವಂಕಿಯವರೆಗೆ ಬಸ್ಸು. ಮುಂದೆ ಕಬ್ಬಿನ ಗಾಡಿ ಸಿಕ್ಕರೆ ಗಾಡಿ, ಇಲ್ಲವಾದರೆ ನನ್ನ ಕಾಲೇ ಗತಿ. ಧುಪದಾಳದ ಕಡೆಯಿಂದ ಬರುವ ಕಾಲುವೆ ದಾಟಿದರೆ ಬನ್ನಿಗಿಡದ ತೋಟ. ನಮ್ಮ ಕಡೆ ತೋಟವೆಂದರೆ ಹೊಲದಲ್ಲೇ ಮನೆ ಕಟ್ಟಿಕೊಂಡವರ ಪುಟ್ಟ ಊರು. ಅಲ್ಲಿಯ ಒಂದೇ ಕೋಣೆಯ ಶಾಲೆಗೆ, ಆ ವರ್ಷ ಹೊಸದಾಗಿ ಬಂದ ನಾನೊಬ್ಬಳೇ ಶಿಕ್ಷಕಿ. ಎಲ್ಲರ ಬಾಯಲ್ಲೂ ವಂದನಾ ಅಕ್ಕಾರು.

ಆ ಬೇಸಿಗೆಯಲ್ಲಿ ಗೋಕಾಕದಲ್ಲಿ ನಮಗೊಂದು ತರಬೇತಿ ಆಗಿತ್ತು. ಮಕ್ಕಳಿಗೆ ಹೊಡೆಯಬೇಡಿ, ಹಾಡಿಸಿ, ಕುಣಿಸಿ, ಕೇಳಿದ್ದಕ್ಕೆಲ್ಲ ಉತ್ತರ ಹುಡುಕಿ ಎಂದು ಹೇಳಿದ್ದಷ್ಟೇ ಅಲ್ಲ, ನಮ್ಮನ್ನೇ ಕುಣಿಸಿದರು. ನಿವೃತ್ತಿಗೆ ಬಂದ ಹೆಡ್‌ಮಾಸ್ತರುಗಳು ಧೋತರ ಎತ್ತಿ ಕಟ್ಟಿಕೊಂಡು ಕಪ್ಪೆಗಳಾಗಿ ಕುಪ್ಪಳಿಸಿದರು. ಅವರಲ್ಲೊಬ್ಬರು ಕೂತವರು ಮೇಲೇಳಲಾಗದೆ ಚಹಾ ಬರುವವರೆಗೂ ಕಪ್ಪೆಯಾಗಿಯೇ ಉಳಿದರು. ನಾನು ಹೊಟ್ಟೆ ಹಿಡಿದುಕೊಂಡು ನಕ್ಕೆ. ಸಂಜೆ ಮನೆಯಲ್ಲಿ ಕೂತು ಯೋಚಿಸಿದರೆ, ಶಾಲೆಯೆಂಬ ಜಾಗದಲ್ಲಿ ನಾನು ಹಾಗೆ ನಕ್ಕದ್ದು ಹುಟ್ಟಿದ ಮೇಲೆ ಅದೇ ಮೊದಲು. ನನ್ನ ಶಾಲೆಯ ಮಕ್ಕಳು ಅಷ್ಟು ಕಾಯುವುದು ಬೇಡ ಎಂದು ಅವತ್ತೇ ನಿಶ್ಚಯ ಮಾಡಿಬಿಟ್ಟೆ.

ಆದರೆ ಬನ್ನಿಗಿಡದ ತೋಟದಲ್ಲಿ ಒಂದು ಪದ್ಧತಿ ಇತ್ತು. ಜೂನ್ ತಿಂಗಳಲ್ಲಿ ಶಾಲೆ ಶುರುವಾದ ದಿನ ಅಪ್ಪನೋ ಅಜ್ಜಿಯೋ ಮಗುವನ್ನು ಕರೆದುಕೊಂಡು ಬರುವಾಗ ಒಂದು ತೆಂಗಿನಕಾಯಿ, ಒಂದು ಅಚ್ಚು ಬೆಲ್ಲ ಮತ್ತು ಕುಂಕುಮ ಹಚ್ಚಿದ ಒಂದು ಛಡಿ ತರಬೇಕು. ಆ ಮಗುವಿಗೆ ಬೀಳುವ ವರ್ಷದ ಪೆಟ್ಟೆಲ್ಲ ಆ ಛಡಿಯಿಂದಲೇ. ಮಂದಿಯ ಛಡಿಯಿಂದ ನಮ್ಮ ಮಗು ಪೆಟ್ಟು ತಿನ್ನುವುದೆಂದರೆ ಮನೆತನಕ್ಕೆ ಕಡಿಮೆಯಂತೆ.

ಮೊದಲು ಬಂದವನು ಗಾಡಿ ಹೊಡೆಯುವ ಶಿದ್ರಾಮ. ಮಗಳು ಯಲ್ಲಕ್ಕನನ್ನು ಮುಂದೆ ನೂಕಿ, ಹುಣಸೆ ಬರಲಿನ ಛಡಿ ನನ್ನ ಮೇಜಿನ ಮೇಲಿಟ್ಟ. "ಸಡ್ಲ ಬಿಡಬ್ಯಾಡ್ರಿ ಅಕ್ಕಾರ."

"ಕಾಯಿ, ಬೆಲ್ಲ ಇರ್ಲಿ ಅಣ್ಣಾರ. ಛಡಿ ಬ್ಯಾಡ್ರಿ," ಎಂದೆ.

ಶಿದ್ರಾಮ ಛಡಿಯನ್ನು ತಿರುಗಿಸಿ ತಿರುಗಿಸಿ ನೋಡಿದ. ಮುಖ ಸಣ್ಣದಾಯಿತು. ಎತ್ತಿಕೊಂಡು ಹೋದ. ಮರುದಿನ ಬೇರೊಂದು ತಂದ. "ಇದು ನೋಡ್ರಿ, ಬಿದಿರಿಂದು. ಎಣ್ಣಿ ಕುಡಿಸೇನಿ."

"ಇದೂ ಬ್ಯಾಡ್ರಿ."

ಸಂಜೆಯ ಹೊತ್ತಿಗೆ ತೋಟದ ತುಂಬ ಸುದ್ದಿ. ಹೊಸ ಅಕ್ಕಾರು ಗೋಕಾಕದ ಅಂಗಡಿಕಾರರ ಮನೆಯ ಮಗಳು, ಸಾದಾ ಛಡಿ ಕೈಯಲ್ಲಿ ಹಿಡಿಯುವುದಿಲ್ಲ, ಶಿದ್ರಾಮನದು ಎರಡು ಸಲ ವಾಪಸು ಹೋಯಿತು! ಅಷ್ಟೇ ಸಾಕಾಯಿತು. ಎಲ್ಲರೂ ಸುಭಾನಸಾಬರ ಮನೆಗೆ ಓಡಿದರು.

ಸುಭಾನಸಾಬರು ಬಡಿಗತನದವರು, ಚಕ್ಕಡಿಯ ಕೆಲಸ, ತೊಟ್ಟಿಲಿನ ಕೆಲಸ. ತಿರುಗಣಿಯ ಮೇಲೆ ಕಟ್ಟಿಗೆ ಕಡೆದು ಅರಗಿನ ಬಣ್ಣ ಹಾಕಿದರೆಂದರೆ ನೋಡುತ್ತ ನಿಲ್ಲಬೇಕು. ಅವರು ತೊಟ್ಟಿಲು ಬದಿಗಿಟ್ಟು ಛಡಿಗೆ ನಿಂತರು. ಕೆಂಪು ಹಳದಿ ಪಟ್ಟಿಯ ಛಡಿ ಬಂತು. ಹಿಡಿಕೆಗೆ ಗಿಳಿ ಕೂರಿಸಿದ ಛಡಿ ಬಂತು. ಮರೆವ್ವಜ್ಜಿ ತನ್ನ ಮೊಮ್ಮಗನ ಛಡಿಗೆ ಖಣದ ಬಟ್ಟೆಯಲ್ಲಿ ಗವಸು ಹೊಲಿದು ತಂದಳು. ಇನ್ನೊಬ್ಬ ಪುಣ್ಯಾತ್ಮ ಗೆಜ್ಜೆ ಕಟ್ಟಿಸಿದ್ದ. ಹೊಡೆದರೆ ಘಲ್ಲೆನ್ನಬೇಕಂತೆ!

ನನಗೆ ತಲೆ ಕೆಟ್ಟಿತು. ಸುಭಾನಸಾಬರ ಮನೆಗೇ ಹೋಗಿ ಅಂಗಳದಲ್ಲಿ ನಿಂತು ಕೂಗಿದೆ. "ಸಾಬರ, ನಾ ಹುಡುಗರಿಗೆ ಹೊಡ್ಯಾಂಗಿಲ್ಲ. ಎಂದೂ ಹೊಡ್ಯಾಂಗಿಲ್ಲ. ತಿಳೀತ್ರಿ?"

"ತಿಳೀತ್ರಿ ಅಕ್ಕಾರ," ಎಂದರು ಅವರು ಬಹಳ ನಮ್ರತೆಯಿಂದ. "ಹಂಗಾರ ಸಾಗವಾನೀದು ಮಾಡಲ್ರಿ?"

ಏನು ಮಾಡಲಿ! ಅಳಬೇಕೋ ನಗಬೇಕೋ ತಿಳಿಯದೆ ಅಲ್ಲೇ ತೊಟ್ಟಿಲಿನ ಹಲಗೆಯ ಮೇಲೆ ಕೂತು ನಕ್ಕುಬಿಟ್ಟೆ. ಛಡಿಗಳನ್ನು ಬೇಡವೆಂದಷ್ಟೂ ಅವು ಚೆಂದವಾಗುತ್ತ ಹೋಗುತ್ತಿದ್ದವು. ಸುಮ್ಮನೆ ಎಲ್ಲವನ್ನೂ ಇಸಿದುಕೊಂಡು ಶಾಲೆಯ ಮೂಲೆಯಲ್ಲಿ ನಿಲ್ಲಿಸಿದೆ.

ಮಕ್ಕಳಿಗೆ ಅಷ್ಟು ಸಾಮಾನು ಸಿಕ್ಕರೆ ಬಿಡುತ್ತಾರೆಯೇ? ಛಡಿಗಳಿಂದ ತ್ರಿಕೋನ, ಚೌಕ ಮಾಡಿದರು. ಹಿತ್ತಲಲ್ಲಿ ಹೀರೇಬಳ್ಳಿಗೆ ಚಪ್ಪರ ಹಾಕಿದರು. ಗೆಜ್ಜೆಯದನ್ನು ಹಿಡಿದು ಮಗ್ಗಿ ಹೇಳಿದರು. ತಪ್ಪಿದರೆ ಗೆಜ್ಜೆ ನಿಲ್ಲಬೇಕು. ಗೆಜ್ಜೆ ನಿಲ್ಲುವುದು ಯಾರಿಗೂ ಬೇಡವಾಗಿತ್ತು, ಆದ್ದರಿಂದ ಮಗ್ಗಿ ನೀರು ಕುಡಿದಷ್ಟು ಸಲೀಸಾಗಿ ಬಂತು. ಅವರ ಪೈಕಿ ಪ್ರಣಿತಾ ಎಂಬವಳು, ಎಂಟು ವರ್ಷದ ಪೋರಿ, ಹಳೆಯ ಮಾಸ್ತರರ ಕಾಲದಲ್ಲಿ ಬಾಯಿ ಹೊಲಿದುಕೊಂಡು ಕೂರುತ್ತಿದ್ದಳಂತೆ. ಈಗ ಪ್ರಶ್ನೆ ಕೇಳಲು ಶುರು ಮಾಡಿದಳೆಂದರೆ ನನ್ನ ಬಸ್ಸು ತಪ್ಪುತ್ತಿತ್ತು.

"ಅಕ್ಕಾರ್ರಿ, ಕಾಲವಿ ನೀರು ಎಷ್ಟ ಜೋರ ಓಡತೈತ್ರಿ? ನಮಗಿಂತ ಜೋರೇನ್ರಿ?" ಎಂದು ಕೇಳಿದಳು ಒಂದು ದಿನ.

"ನಡೀರಿ, ನೋಡೂಣು!" ಎಂದೆ.

ಎಲ್ಲರೂ ತಮ್ಮ ತಮ್ಮ ಛಡಿ ಹಿಡಿದು ಕಾಲುವೆಗೆ ಓಡಿದೆವು. ನೀರಿಗೆ ಎಸೆದು, ದಂಡೆಯ ಮೇಲೆ ಅವುಗಳ ಜೊತೆ ಓಡಿದೆವು. ಛಡಿಗಳ ಓಟ! ನಾನು ಸೀರೆ ಎತ್ತಿ ಕಟ್ಟಿ ಎಲ್ಲರಿಗಿಂತ ಮುಂದೆ. ಗಿಳಿಯದು ಮುಂದೆ, ಅಲ್ಲ ಪಟ್ಟಿಯದು ಮುಂದೆ, ಹೋ ಎಂದು ಕೂಗಾಟ. ಕೊನೆಗೆ ಎಲ್ಲವನ್ನೂ ಹಿಂದೆ ಹಾಕಿದ್ದು ಪ್ರಣಿತಾಳ ಛಡಿ, ತುದಿಗೆ ಬೆಳ್ಳಿಯ ಟೊಪ್ಪಿಗೆ ಇದ್ದದ್ದು. ಅದು ನಮ್ಮ ಕೈಗೆ ಸಿಗದೆ ತಿರುವು ದಾಟಿ ಹೊರಟುಹೋಯಿತು. ನಮ್ಮ ಗ್ರಹಚಾರ ನೋಡಿ, ತಿರುವಿನಾಚೆ ಕಬ್ಬಿಗೆ ನೀರು ಬಿಡುತ್ತ ನಿಂತವರು ಪ್ರಣಿತಾಳ ಅಜ್ಜ, ಆ ಛಡಿಯನ್ನು ಹೇಳಿ ಮಾಡಿಸಿದ ತವನಪ್ಪ ಕಾಕಾ.

ತವನಪ್ಪ ಕಾಕಾ ತೋಟದ ಹಿರಿಯರು. ಶಾಲೆಗೆ ಜಾಗ ಕೊಟ್ಟವರು ಅವರೇ. ಬಿಳಿ ಟೊಪ್ಪಿಗೆ, ಬಿಳಿ ಮೀಸೆ. ಇರುವೆ ತುಳಿದೀತೆಂದು ನೆಲ ನೋಡುತ್ತ ನಡೆಯುವ, ಹೊತ್ತು ಮುಳುಗಿದ ಮೇಲೆ ತುತ್ತು ಮುಟ್ಟದ ಜೈನರು. ಗುರುಗಳ ಪೆಟ್ಟಿನಿಂದಲೇ ತಾನು ಮನುಷ್ಯನಾದೆ ಎಂದು ಮದುವೆ ಮುಂಜಿಯಲ್ಲೆಲ್ಲ ಹೇಳುತ್ತಿದ್ದರು. ನಾವು ಶಾಲೆಗೆ ಮರಳಿದ ಮೇಲೆ, ನೀರು ತೊಟ್ಟಿಕ್ಕುವ ಛಡಿ ಹಿಡಿದು ಅವರು ಬಾಗಿಲಲ್ಲಿ ನಿಂತಾಗ ಮಕ್ಕಳೆಲ್ಲ ಒದ್ದೆ ಕಾಲಲ್ಲಿ ನಗುತ್ತಿದ್ದರು. ನಗು ಅಲ್ಲೇ ನಿಂತಿತು.

"ಅಕ್ಕಾರ, ಇದಕ್ಕೇನು ಅಂತೀರಿ? ಸಾಲಿಗೆ ಕೊಟ್ಟ ಛಡಿ ಕಾಲವ್ಯಾಗ ಯಾಕ ತೇಲಾಕತ್ತೈತಿ?"

"ಲೆಕ್ಕ ಕಲಿಸಾಕತ್ತಿದ್ದೆ ಕಾಕಾ."

"ಹುಡುಗರಿಗೆ ಭಯ ಇಲ್ಲಂದ್ರ ಲೆಕ್ಕ ಎಲ್ಲಿಂದ ಬರತೈತ್ರಿ?"

ಸಿಟ್ಟು ಬಂದೇ ಬಂತು. "ಇರುವಿ ಸಾಯಬಾರದು ಅಂತ ನೆಲಾ ನೋಡಿ ನಡಿತೀರಿ. ಈ ಹುಡುಗರು ಇರುವಿಗಿಂತ ಕಡಿಮೇನ್ರಿ ನಿಮಗ?"

"ಇರುವಿಗೆ ಮಗ್ಗಿ ಬರಬೇಕಾಗಿಲ್ಲ!" ಎಂದರು ಕಾಕಾ ಥಟ್ಟನೆ. ಸತ್ಯ ಹೇಳಬೇಕೆಂದರೆ ನಗು ಬಂತು, ನುಂಗಿಕೊಂಡೆ.

ಅವರು ನಗಲಿಲ್ಲ. "ಸೋಮವಾರ ಬರತೇನಿ. ನನ್ನ ಕಣ್ಣ ಮುಂದ ಸಾಲಿ ಸಾಲಿಗತೆ ನಡೀಬೇಕು. ತಪ್ಪಿದವರಿಗೆ ಪೆಟ್ಟು ಬೀಳಬೇಕು. ಇಲ್ಲಾಂದ್ರ ಪ್ರಣಿತಾನ್ನ ಗೋಕಾಕದ ಹಾಸ್ಟೆಲಿಗೆ ಹಾಕತೇನಿ. ಅಲ್ಲಿ ಸಡ್ಲ ಬಿಡಾಂಗಿಲ್ಲ ಅವರು." ಹೀಗೆಂದು ಛಡಿಯನ್ನು ನನ್ನ ಮೇಜಿನ ಮೇಲಿಟ್ಟು, ನೆಲ ನೋಡುತ್ತ ಹೋದರು.

ಪ್ರಣಿತಾ ಅವತ್ತು ಒಂದೇ ಒಂದು ಪ್ರಶ್ನೆಯನ್ನೂ ಕೇಳಲಿಲ್ಲ. ತಿಂಗಳುಗಟ್ಟಲೆ ಕಾದು ಬಿಚ್ಚಿಸಿದ ಬಾಯಿ ಅದು. ಹಾಸ್ಟೆಲಿಗೆ ಹೋದರೆ ವಾರದೊಳಗೆ ಮತ್ತೆ ಹೊಲಿದುಕೊಳ್ಳುತ್ತದೆ ಎಂಬುದು ನನಗೆ ಖಾತ್ರಿ ಗೊತ್ತಿತ್ತು.

ಶನಿವಾರ ಮುಂಜಾನೆಯ ಶಾಲೆ ಮುಗಿದ ಮೇಲೆ ಮಕ್ಕಳು ಮನೆಗೆ ಹೋಗದೆ ನನ್ನನ್ನು ಸುತ್ತುವರಿದರು. ಮುಂದೆ ಪ್ರಣಿತಾ.

"ಅಕ್ಕಾರ್ರಿ, ಸೋಮವಾರ ನನಗ ಹೊಡೀರಿ."

"ಏನಂದಿ?"

"ಖರೆ ಅಲ್ರಿ, ಸುಳ್ಳ ಸುಳ್ಳ. ನೀವು ಹೊಡದಂಗ ಮಾಡ್ರಿ, ನಾವು ಅತ್ತಂಗ ಮಾಡತೇವಿ. ಅಜ್ಜಗ ಸಮಾಧಾನ ಆಗತೈತ್ರಿ."

"ಮುಚ್ಚ ಬಾಯಿ! ಸಾಲ್ಯಾಗ ಸುಳ್ಳ ಕಲಿಸಲೇನು ನಾನು?"

"ಇಲ್ಲಾಂದ್ರ ನನ್ನ ಕಳಸ್ತಾರ್ರಿ ಅಕ್ಕಾರ," ಎಂದಳು ಪ್ರಣಿತಾ. ಕಣ್ಣಲ್ಲಿ ನೀರು ತುಂಬಿಕೊಂಡಿತ್ತು, ಅದು ನಾಟಕದ್ದಾಗಿರಲಿಲ್ಲ. ಪೆಟ್ಟಿಲ್ಲದ ಶಾಲೆಯಲ್ಲಿ ಉಳಿಯುವುದಕ್ಕೆ ಆ ಕೂಸು ಪೆಟ್ಟು ಬೇಡುತ್ತಿತ್ತು. ಆಯಿತು ಎಂದೆ.

ಆಮೇಲೆ ನಡೆದ ತಾಲೀಮು ಇದೆಯಲ್ಲ, ಅಯ್ಯೋ ನನ್ನಪ್ಪಾ! ಪೆಟ್ಟು ತಿನ್ನಲು ಸರದಿಗಾಗಿ ಜಗಳ. ನನಗೆ ಮೊದಲು, ನನಗೆ ಮೊದಲು! ಗಿಳಿ ಛಡಿಯ ಪೆಟ್ಟು ನನಗೇ ಬೇಕು! ಸುಭಾನಸಾಬರ ಮಗಳು ಹೀನಾ ಮನೆಯಿಂದ ಕೌದಿ ತಂದಳು. ಗೋಡೆಯ ಹಿಂದೆ ಕೂತು, ನಾನು ಗದರಿ ಛಡಿ ಬೀಸಿದಾಗ ಅವಳು ಇನ್ನೊಂದು ಛಡಿಯಿಂದ ಅದರ ಮೇಲೆ ಬಡಿಯಬೇಕು. ಬಡಿದು ತೋರಿಸಿದಳು. ಛಟಾರ್ ಎಂಬ ಶಬ್ದಕ್ಕೆ ಚಪ್ಪರದ ಮೇಲಿನ ಗುಬ್ಬಿಗಳೆಲ್ಲ ಹಾರಿಹೋದವು. ಇನ್ನು ಅಳುವುದು. ಒಬ್ಬ ಎಮ್ಮೆಕರುವಿನಂತೆ ಒದರಿದ. ಯಲ್ಲಕ್ಕ ಸತ್ತವರ ಮನೆಯಲ್ಲಿ ಅವಳಜ್ಜಿ ಅಳುವ ಹಾಗೆ ರಾಗ ತೆಗೆದಳು: "ಅಯ್ಯ ನನ್ನ ಗೆಣತೀ, ಹೆಂಗ ಬಿಟ್ಟು ಹೋದೇ ನನ್ನವ್ವಾ..."

"ಏಯ್ ಯಲ್ಲೀ, ಅಕಿ ಪೆಟ್ಟು ತಿಂದಾಳ, ಸತ್ತಿಲ್ಲ!" ಎಂದು ನಾನು ಕೂಗುವಷ್ಟರಲ್ಲಿ ಎಲ್ಲರೂ ನೆಲದ ಮೇಲೆ ಉರುಳಾಡಿ ನಗುತ್ತಿದ್ದರು, ನನ್ನನ್ನೂ ಸೇರಿಸಿ. ಪ್ರಣಿತಾಳೂ ನಗುತ್ತಿದ್ದಳು. ಒಂದನೆಯ ಇಯತ್ತೆಯ, ಅಂದರೆ ಒಂದನೆಯ ತರಗತಿಯ ಪುಟಾಣಿ ತೇಜಸನಿಗೆ ಮಾತ್ರ ಅವತ್ತು ಜ್ವರ, ಶಾಲೆಗೆ ಬಂದಿರಲಿಲ್ಲ. ಅವನಿಗೆ ಹೇಳಬೇಕೆಂದು ಯಾರಿಗೂ ಹೊಳೆಯಲಿಲ್ಲ.

ಸೋಮವಾರ ತವನಪ್ಪ ಕಾಕಾ ಬಂದು ಕುರ್ಚಿಯ ಮೇಲೆ ಕೂತರು. ಹೀನಾ ಗೋಡೆಯ ಹಿಂದೆ. ನಾನು ಕಣ್ಣು ಕೆಂಪು ಮಾಡಿಕೊಂಡು, ಸೊಂಟಕ್ಕೆ ಸೆರಗು ಸಿಕ್ಕಿಸಿ, ಬೆಳ್ಳಿ ಟೊಪ್ಪಿಗೆಯ ಛಡಿಯನ್ನೇ ಹಿಡಿದು ನಿಂತೆ.

"ಯಲ್ಲಕ್ಕಾ, ಆರ ಒಂಬತ್ಲೆ ಎಷ್ಟು?"

ಯಲ್ಲಕ್ಕ ತಪ್ಪು ಹೇಳಬೇಕೆಂದು ಮಾತಾಗಿತ್ತು. ಆದರೆ ಆ ಕತ್ತೆ ಎದ್ದು ನಿಂತು, ಎದೆಯುಬ್ಬಿಸಿ, "ಐವತ್ನಾಲ್ಕು!" ಎಂದಿತು. ಹೇಳಿದ ಮೇಲೆ ನೆನಪಾಗಿ ನಾಲಿಗೆ ಕಚ್ಚಿಕೊಂಡಿತು.

ಇನ್ನೊಬ್ಬನನ್ನು ಎಬ್ಬಿಸಿದೆ. ಅವನು ಕಷ್ಟಪಟ್ಟು ತಪ್ಪು ಹೇಳಿದ. ಆದರೆ ಛಡಿ ಎತ್ತುವಷ್ಟರಲ್ಲಿ ಇಡೀ ವರ್ಗ ಸರಿಯುತ್ತರ ಕೂಗಿತು, ತಡೆದುಕೊಳ್ಳಲಾಗಲಿಲ್ಲ ಪಾಪ. ಅವನೂ ಗಡಬಡಿಸಿ ಅದನ್ನೇ ಹೇಳಿಬಿಟ್ಟ. ಮತ್ತೊಬ್ಬಳು ಮಗ್ಗಿಯನ್ನು ಉಲ್ಟಾ ಕೂಡ ಹೇಳಿದಳು, ನಾನು ಕೇಳಿಯೇ ಇರಲಿಲ್ಲ! ಹೊಡೆಯಲು ಒಂದು ನೆಪವನ್ನೂ ಕೊಡಲೊಲ್ಲರು ಈ ಮಕ್ಕಳು. ನನಗೆ ಹೆಮ್ಮೆಯೂ ಆಗುತ್ತಿತ್ತು, ಭಯವೂ ಆಗುತ್ತಿತ್ತು. ಕಾಕಾ ಮೀಸೆ ತಿರುವುತ್ತ ಕೂತಿದ್ದರು.

ಕೊನೆಗೆ ಪ್ರಣಿತಾ ತಾನೇ ಎದ್ದಳು. "ಏಳ ಎಂಟ್ಲೆ ನಲವತ್ತು!" ಎಂದಳು.

"ಐವತ್ತಾರು!" ಎಂದು ವರ್ಗ ಕೂಗಿತು.

"ನಲವತ್ತ ಅಂದ್ರ ನಲವತ್ತು!" ಎಂದಳು ಪ್ರಣಿತಾ ಹಟದಿಂದ, ಕೈ ಮುಂದೆ ಮಾಡಿ.

"ಮಗ್ಗಿ ಬರಾಂಗಿಲ್ಲೇನ ನಿನಗ!" ಎಂದು ಛಡಿ ಎತ್ತಿದೆ. ಅದು ಇನ್ನೂ ಮೇಲಿರುವಾಗಲೇ ಗೋಡೆಯ ಹಿಂದಿನಿಂದ ಛಟಾರ್! ಪ್ರಣಿತಾ ಗಾಬರಿಯಾಗಿ ಒಂದು ಗಳಿಗೆ ತಡವಾಗಿ ಚೀರಿದಳು. ಯಲ್ಲಕ್ಕ ಮತ್ತೆ ಸತ್ತವರ ಮನೆಯ ರಾಗವನ್ನೇ ತೆಗೆದಳು. ಎಮ್ಮೆಕರು ಒದರಿತು. ಇದೆಲ್ಲ ನಿಜವೆಂದು ನಂಬಿದ ತೇಜಸ ಗೊಳೋ ಎಂದು ಅಳುತ್ತ ಓಡಿಬಂದು ಪ್ರಣಿತಾಳ ಕಾಲು ತಬ್ಬಿಕೊಂಡು, "ಹೊಡೀಬ್ಯಾಡ್ರಿ ಅಕ್ಕಾರ, ಪ್ರಣಿತಾ ಅಕ್ಕಗ ಹೊಡೀಬ್ಯಾಡ್ರಿ!" ಎಂದು ನನ್ನನ್ನು ಗುದ್ದತೊಡಗಿದ.

ತವನಪ್ಪ ಕಾಕಾ ಎದ್ದರು. ಸಿಕ್ಕಿಬಿದ್ದೆವು, ಎಲ್ಲ ಮುಗಿಯಿತು ಎಂದುಕೊಂಡೆ.

ಅವರು ನೇರವಾಗಿ ಬಂದರು. ನೆಲ ಕೂಡ ನೋಡಲಿಲ್ಲ. ಪ್ರಣಿತಾಳನ್ನು ತಮ್ಮ ಬೆನ್ನ ಹಿಂದೆ ಸರಿಸಿ, ಟೊಪ್ಪಿಗೆ ತೆಗೆದು ಕಂಕುಳಲ್ಲಿಟ್ಟುಕೊಂಡು, ಕಣ್ಣು ಮುಚ್ಚಿ, ಬಲಗೈ ಚಾಚಿದರು.

"ಅಕಿನ್ನ ಬಿಡ್ರಿ ಅಕ್ಕಾರ. ನನಗ ಹೊಡೀರಿ."

ನಾನು ಎತ್ತಿದ ಕೈ ಹಾಗೆಯೇ ಹಿಡಿದು ಕಂಬದಂತೆ ನಿಂತುಬಿಟ್ಟೆ. ಗೋಡೆಯ ಹಿಂದಿದ್ದ ಹೀನಾಳಿಗೆ ಇದೇನೂ ಕಾಣುತ್ತಿರಲಿಲ್ಲ. 'ಹೊಡೀರಿ' ಎಂದದ್ದು ಕೇಳಿಸಿತು. ತನ್ನ ಕೆಲಸ ತಾನು ಮಾಡಿದಳು. ಛಟಾರ್!

"ಆಯೀ ಗ!" ಎಂದರು ತವನಪ್ಪ ಕಾಕಾ. ಚಾಚಿದ ಕೈ ಸರಕ್ಕನೆ ಹಿಂದೆ ಹೋಗಿ ಕಂಕುಳಲ್ಲಿ ಅಡಗಿತು. ಟೊಪ್ಪಿಗೆ ಕೆಳಗೆ ಬಿತ್ತು. ಮೈಯೆಲ್ಲ ಮುದುಡಿತು. ಛಡಿ ಮಾತ್ರ ನನ್ನ ತಲೆಯ ಮೇಲೆ ಇದ್ದಲ್ಲೇ ಇತ್ತು.

ಎಲ್ಲ ಮಕ್ಕಳೂ ನೋಡಿದರು. ಯಾರೂ ನಗಲಿಲ್ಲ. ಯಲ್ಲಕ್ಕನ ರಾಗ ಅರ್ಧಕ್ಕೇ ನಿಂತಿತು.

ಕಾಕಾ ಕಣ್ಣು ತೆರೆದು ಅಂಗೈ ನೋಡಿಕೊಂಡರು. ಪ್ರಣಿತಾ ತಡೆಯಲಾರದೆ ಅವರ ಧೋತರ ಜಗ್ಗಿದಳು. "ಅಜ್ಜಾ, ಸುಳ್ಳರಿ! ಹೀನಾ ಕೌದಿ ಬಡ್ಯಾಕತ್ತಾಳ್ರಿ. ಅಕ್ಕಾರ ಹೊಡದಿಲ್ರಿ, ಎಂದೂ ಹೊಡದಿಲ್ರಿ. ನನಗ ಹಾಸ್ಟೆಲ್ ಬ್ಯಾಡ್ರಿ ಅಜ್ಜಾ!"

ಅವರು ಹೊರಗೆ ಹೋದರು. ಗೋಡೆಯ ಹಿಂದಿನಿಂದ ಹೀನಾಳ ದನಿ ಕೇಳಿಸಿತು. "ಜೋರ ಕೇಳಸಲಿಲ್ರಿ ಅಜ್ಜಾ? ಇನ್ನೊಂದ ಹೊಡೀಲ್ರಿ?" ಸ್ವಲ್ಪ ಹೊತ್ತಿಗೆ ಕಾಕಾ ಕೌದಿ ಹೆಗಲ ಮೇಲೆ ಹಾಕಿಕೊಂಡು, ಹೀನಾಳ ಕೈ ಹಿಡಿದುಕೊಂಡು ಒಳಗೆ ಬಂದರು. ಮೀಸೆ ಅಲುಗುತ್ತಿತ್ತು. ಹೊಟ್ಟೆ ಅಲುಗಿತು. "ಏಳ ಎಂಟ್ಲೆ ನಲವತ್ತಂತ!" ಎಂದರು. ಬಿದ್ದು ಬಿದ್ದು ನಗತೊಡಗಿದರು. ಮಕ್ಕಳ ನಗುವಿನ ಕಟ್ಟೆ ಒಡೆಯಿತು. ಎಮ್ಮೆಕರು ಇನ್ನೊಮ್ಮೆ ಒದರಿತು. ನಾನು ನಕ್ಕೆ, ಅತ್ತೆ, ಎರಡೂ ಕೂಡಿಯೇ ಬಂದವು. ತೇಜಸ ಒಬ್ಬನೇ ಸಿಟ್ಟಿನಿಂದ ನನ್ನನ್ನು ಗುದ್ದುತ್ತಲೇ ಇದ್ದ.

ನಗು ಇಳಿದ ಮೇಲೆ ನಾನೇ ಕೇಳಿದೆ, ಕೇಳದೆ ಇರಲಾಗಲಿಲ್ಲ. "ಕಾಕಾ, ಪ್ರಣಿತಾನ್ನ ಏನ ಮಾಡ್ತೀರಿ?"

"ಎಲ್ಲಿಗೂ ಕಳಸಾಂಗಿಲ್ಲ. ಇಲ್ಲೇ ಇರತಾಳ," ಎಂದರು ಅವರು. ಟೊಪ್ಪಿಗೆಯ ಧೂಳು ಜಾಡಿಸುತ್ತ, ನನ್ನತ್ತ ನೋಡದೆ ಹೇಳಿದರು. "ಮೂರನೇ ಇಯತ್ತ್ಯಾಗ ನನಗ ಹಿಂಗ ನಿಲ್ಲಿಸಿದ್ರು ಅಕ್ಕಾರ. ಐದರ ಮಗ್ಗಿ. ಬರತಿತ್ತು ನನಗ. ಛಡಿ ನೋಡಿ ಮರತೆ. ಗಂಟಿ ಆಗೂಕಿಂತ ಮೊದಲ ಎದ್ದು ಓಡಿ ಹೋಗಿ ಕಬ್ಬಿನ್ಯಾಗ ಅಡಗಿ ಕುಂತೆ. ತಿರುಗಿ ಸಾಲಿಗೆ ಹೋಗಲಿಲ್ಲ. ಮಂದೀಗೆ ಮಾತ್ರ ಪೆಟ್ಟಿಲೇ ಮನುಷ್ಯಾ ಆದೆ ಅಂತ ಹೇಳಕೋತ ಬಂದೆ."

"ಹಂಗಾರ ನೀವು ಮೂರನೇ ಇಯತ್ತೆ ಪಾಸ್ ಆಗಿಲ್ಲೇನ್ರಿ ಅಜ್ಜಾ?" ಎಂದಳು ಪ್ರಣಿತಾ, ಕಣ್ಣು ಇಷ್ಟಗಲ ಮಾಡಿ. ಬಾಯಿ ಬಿಚ್ಚಿತ್ತು ಮತ್ತೆ.

"ಇಲ್ಲವಾ," ಎಂದರು ಕಾಕಾ.

ಅವರು ಕುರ್ಚಿಗೆ ಹೋಗಲಿಲ್ಲ. ಮೂರನೆಯ ಇಯತ್ತೆಯ ಸಾಲಿನಲ್ಲಿ ಯಲ್ಲಕ್ಕನನ್ನು ಬಾಜೂ ಸರಿಸಿ, ಚಾಪೆಯ ಮೇಲೆ ಚಕ್ಕಳಮಕ್ಕಳ ಹಾಕಿ ಕೂತರು. ತೇಜಸ ನನ್ನನ್ನು ಬಿಟ್ಟು ಹೋಗಿ ಅವರ ತೊಡೆಯೇರಿದ. ನಾನು ಪಾಠ ಮಾಡಿದೆ, ಹಾಡು ಹೇಳಿಸಿದೆ. ಎಲ್ಲರೂ ಕಪ್ಪೆಗಳಾಗಿ ಕುಪ್ಪಳಿಸಿದಾಗ ಕಾಕಾ ಕೂತಲ್ಲೇ ಗಂಟಲಿನಿಂದ ವಟಗುಟ್ಟಿದರು. ಬಿಸಿಲು ಏರಿತು. ಮಧ್ಯಾಹ್ನದ ಗಂಟೆ ಹೊಡೆದೆ. ಮಕ್ಕಳು ಹೋ ಎಂದು ಮನೆಗೆ ಓಡಿದರು. ಖಾಲಿ ಕೋಣೆಯಲ್ಲಿ ಅವರೊಬ್ಬರೇ ಚಾಪೆಯ ಮೇಲೆ ಕೂತೇ ಇದ್ದರು. ಪ್ರಣಿತಾ ತಿರುಗಿ ಬಂದು ಕೈ ಹಿಡಿದು ಎಳೆದಳು.

"ಏಳ್ರಿ ಅಜ್ಜಾ, ಊಟದ ಹೊತ್ತಾತು."

"ಗಂಟಿ ಆತೇನು?"

"ಆತ್ರಿ. ಕೇಳಸಲಿಲ್ಲೇನು?"

ತವನಪ್ಪ ಕಾಕಾ ಮೊಣಕಾಲಿಗೆ ಕೈಕೊಟ್ಟು ಮೆಲ್ಲಗೆ ಎದ್ದರು. ಟೊಪ್ಪಿಗೆ ಹಾಕಿಕೊಂಡು ಮೊಮ್ಮಗಳ ಮುಖ ನೋಡಿದರು.

"ನೋಡವಾ," ಎಂದರು. "ಗಂಟಿ ಆಗೂತನಕ ಕುಂತೆ."